ಸಕ್ಕರೆಯ ಲೆಕ್ಕ ಯಾರ ಕೈಯಲ್ಲಿ?

ಮಧುಮೇಹದ ಉಪಕರಣಗಳು ಎರಡು ಬಗೆಯ ಮಾಹಿತಿ ಕೊಡುತ್ತವೆ. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತವನ್ನು ಸ್ಟ್ರಿಪ್ಪಿಗೆ ತಾಗಿಸಿದರೆ ಗ್ಲುಕೋಮೀಟರ್ ಆ ಗಳಿಗೆಯ ಅಂಕಿಯನ್ನು ಹೇಳುತ್ತದೆ. ಹೇಳಿದ್ದನ್ನು ತಾರೀಖು, ವೇಳೆಯ ಸಮೇತ ತನ್ನೊಳಗೆ ಇಟ್ಟುಕೊಳ್ಳುತ್ತದೆ ಕೂಡ. ಈಗಿನ ಸಾಮಾನ್ಯ ಮೀಟರಿನ ನೆನಪಿನಲ್ಲಿ ನೂರಾರು ಅಂಕಿಗಳಿಗೆ ಜಾಗವಿದೆ. ತೋಳಿಗೆ ಅಂಟಿಸುವ ಸೆನ್ಸರ್ ಚರ್ಮದಡಿಯ ದ್ರವದಲ್ಲಿರುವ ಗ್ಲುಕೋಸನ್ನು ಹಗಲು ರಾತ್ರಿ ಅಳೆಯುತ್ತದೆ. ಹದಿನೈದು ನಿಮಿಷಕ್ಕೊಂದು ಅಂಕಿ ಎಂದರೆ ದಿನಕ್ಕೆ 96, ಹದಿನಾಲ್ಕು ದಿನ ಬಾಳುವ ಸೆನ್ಸರಿಗೆ 1,344. ಮೊದಲನೆಯದು ಸಾಮಾನ್ಯವಾಗಿ ಮೀಟರಿನಲ್ಲೇ ಉಳಿಯುತ್ತದೆ. ಎರಡನೆಯದು ಫೋನಿಗೆ, ಅಲ್ಲಿಂದ ಕಂಪನಿಯ ಸರ್ವರಿಗೆ, ಅಲ್ಲಿಂದ ಯಾರಿಗೆ ಅನುಮತಿ ಕೊಟ್ಟಿದೆಯೋ ಅವರ ಫೋನಿಗೆ ಹೋಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಮಧುಮೇಹ ಇರುವವರು 10.1 ಕೋಟಿ. 2009ರ ಡಿಸೆಂಬರಿನಲ್ಲಿ ಗುಲ್ಬರ್ಗಾದಿಂದ ಬೇರ್ಪಟ್ಟ ಯಾದಗಿರಿ ಜಿಲ್ಲೆಯಲ್ಲಿ ಈ ಕಾಯಿಲೆಯ ಲೆಕ್ಕ ಇಡುವುದಕ್ಕೆ ತನ್ನದೇ ತೊಡಕುಗಳಿವೆ. ದೊಡ್ಡ ಡಾಕ್ಟರಿಗೆ ತೋರಿಸಬೇಕೆಂದರೆ ಸುರಪುರ, ಶಹಾಪುರದ ಮಂದಿ ಕಲಬುರಗಿಗೋ ರಾಯಚೂರಿಗೋ ಹೈದರಾಬಾದಿಗೋ ಹೋಗುತ್ತಾರೆ. ಒಂದೊಂದು ಕಡೆ ಒಂದೊಂದು ಫೈಲು. ಬೇಸಿಗೆಯಲ್ಲಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದವರ ಫೈಲು ಊರಲ್ಲೇ ಉಳಿಯುತ್ತದೆ.

ಮುಂದಿನ ಮಾತುಕತೆ ಈ ಜಿಲ್ಲೆಯ ಇಬ್ಬರ ನಡುವಿನದು. ಒಬ್ಬರು ಸುರಪುರದ ನಿವೃತ್ತ ಹೆಡ್‌ಮಾಸ್ತರರು. ಸಕ್ಕರೆಯ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವವರು. ಇನ್ನೊಬ್ಬಳು ಅವರ ಅಣ್ಣನ ಮಗಳು, ಶಹಾಪುರ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಹೆಸರಿನ ಅಗತ್ಯವಿಲ್ಲ, ಇಂಥವರು ಜಿಲ್ಲೆಯ ಯಾವ ಊರಲ್ಲೂ ಸಿಗುತ್ತಾರೆ.

ಹಿರಿಯರು: ರಿಟೈರ್ ಆದಾಗಿಂದ ಬರ್ಕೊಂಡು ಬಂದೀನವ್ವ. ತಾರೀಖು, ಮುಂಜಾನಿ ಖಾಲಿ ಹೊಟ್ಟಿ ಅಂಕಿ, ಊಟ ಆಗಿ ಎರಡು ತಾಸಿನ ಮ್ಯಾಲಿಂದು, ಏನು ಉಂಡೆ ಅನ್ನೋದು. ಇದ್ರಾಗ ಇಲ್ಲದ್ದು ನಿನ್ನ ಫೋನಿನಾಗ ಏನದ?

ತರುಣಿ: ಉಳಿದ ಹೊತ್ತು ಅದ, ಕಾಕಾ. ನೀವು ಬರೆಯೋದು ದಿನದಾಗ ಎರಡು ಗಳಿಗಿ. ನಿಮ್ಮ ಮಗ ಬೆಂಗಳೂರಿಂದ ಕಳಿಸಿದ ಸೆನ್ಸರ್ ಹಾಕ್ಕೊಂಡಿದ್ರಲ್ಲ, ಅದರ ರಿಪೋರ್ಟ್ ನೋಡ್ರಿ. ಮುಂಜಾನಿ 110 ಅಂತ ಬರ್ದು ನೀವು ಖುಷಿ ಆಗಿದ್ರಿ. ರಾತ್ರಿ ಊಟ ಆದ ಮ್ಯಾಲ ಹನ್ನೊಂದರ ತನಕ 240 ಇಳಿದೇ ಇಲ್ಲ. ಆ ಹೊತ್ತಿನಾಗ ನೀವು ಯಾವತ್ತರ ಬೆರಳು ಚುಚ್ಚೀರೇನು?

ಹಿರಿಯರು: ಮಲಗೋ ಹೊತ್ತಿನಾಗ ಯಾರು ಚುಚ್ತಾರ? ಆದ್ರ ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಮಾಡಿಸ್ತೀನಲ್ಲ. ಅದು ಎಲ್ಲಾನೂ ಕೂಡಿಸಿ ಹೇಳ್ತದಂತ ನಿಮ್ಮವರೇ ಅಂತಾರ.

ತರುಣಿ: ಕೂಡಿಸಿ ಹೇಳ್ತದ, ಬಿಡಿಸಿ ಹೇಳಂಗಿಲ್ಲ. ಒಬ್ಬರಿಗೆ ದಿನಪೂರ್ತಿ 150 ಇರಬಹುದು, ಇನ್ನೊಬ್ಬರಿಗೆ ಅರ್ಧ ದಿನ 60, ಅರ್ಧ ದಿನ 240 ಇರಬಹುದು. ಸರಾಸರಿ ಇಬ್ಬರಿಗೂ 150. ಮತ್ತ ರಕ್ತ ಕಮ್ಮಿ ಇದ್ದೋರಲ್ಲಿ ಆ ಟೆಸ್ಟೇ ಮೋಸ ಮಾಡ್ತದ. ನಮ್ಮ ಕಡಿ ಹೆಣ್ಣುಮಕ್ಕಳಲ್ಲಿ ರಕ್ತ ಕಮ್ಮಿ ಇರೋರು ಎಷ್ಟು ಮಂದಿ ಅನ್ನೋದು ನಿಮಗ ಹೇಳಬೇಕಾಗಿಲ್ಲ.

ಸೆನ್ಸರಿನ ರಿಪೋರ್ಟನ್ನು ಓದುವ ಕ್ರಮ ಈಗ ಬಹುಮಟ್ಟಿಗೆ ಎಲ್ಲ ಕಡೆ ಒಂದೇ. ಹದಿನಾಲ್ಕು ದಿನಗಳನ್ನು ಒಂದರ ಮೇಲೊಂದು ಹೇರಿ, ಇಪ್ಪತ್ತನಾಲ್ಕು ತಾಸಿನ ಒಂದೇ ಪಟದಲ್ಲಿ ತೋರಿಸುತ್ತಾರೆ. ನಡುವಿನ ಗೆರೆ ಆ ವೇಳೆಯ ಸಾಮಾನ್ಯ ಮಟ್ಟ. ಅದರ ಸುತ್ತಲಿನ ಗಾಢ ಪಟ್ಟಿಯಲ್ಲಿ ಅರ್ಧದಷ್ಟು ದಿನಗಳು ಬರುತ್ತವೆ, ಹೊರಗಿನ ತೆಳು ಪಟ್ಟಿಯಲ್ಲಿ ಹೆಚ್ಚುಕಮ್ಮಿ ಎಲ್ಲವೂ. ಪಟ್ಟಿ ಎಲ್ಲಿ ಅಗಲವಾಗಿದೆಯೋ ಆ ವೇಳೆಯಲ್ಲಿ ದಿನಕ್ಕೊಂದು ತರಹ ಏರುಪೇರು ಇದೆ ಎಂದರ್ಥ. 2019ರ ಅಂತರರಾಷ್ಟ್ರೀಯ ಒಮ್ಮತದ ಪ್ರಕಾರ 70ರಿಂದ 180 ಮಿಲಿಗ್ರಾಂ ನಡುವೆ ದಿನದ ಶೇ 70ಕ್ಕಿಂತ ಹೆಚ್ಚು ಹೊತ್ತು, ಅಂದರೆ ಸುಮಾರು 17 ತಾಸು ಇರಬೇಕು. 70ರ ಕೆಳಗೆ ಶೇ 4 ಮೀರಬಾರದು. ಅದು ದಿನಕ್ಕೆ ಒಂದು ತಾಸಿನ ಲೆಕ್ಕ. ಹದಿನಾಲ್ಕು ದಿನದಲ್ಲಿ ಶೇ 70ರಷ್ಟಾದರೂ ಅಂಕಿ ಸಿಕ್ಕಿರದಿದ್ದರೆ ಆ ಪಟವನ್ನು ನೆಚ್ಚಿಕೊಳ್ಳುವಂತಿಲ್ಲ.

ಹಿರಿಯರು: ಎಪ್ಪತ್ತು ದಾಟಿದ ನನಗೂ, ಇಪ್ಪತ್ತರ ಹುಡುಗಗೂ ಒಂದೇ ಲೆಕ್ಕೇನು?

ತರುಣಿ: ಅಲ್ರಿ. ವಯಸ್ಸಾದೋರಿಗೆ, ಬ್ಯಾರೆ ರೋಗ ಇದ್ದೋರಿಗೆ ಅರ್ಧ ದಿನ ಆ ನಡುವ ಇದ್ರೂ ಸಾಕು ಅಂತಾರ. ಆದ್ರ 70ರ ಕೆಳಗ ಶೇಕಡಾ ಒಂದಕ್ಕಿಂತ ಹೆಚ್ಚು ಹೋಗಬಾರದು. ಹದಿನೈದು ನಿಮಿಷ ಅಂತ ತಿಳ್ಕೋರಿ. ನಿಮ್ಮ ವಯಸ್ಸಿನಾಗ ಸಕ್ಕರಿ ಏರೋದಕ್ಕಿಂತ ಇಳಿಯೋದು ಅಪಾಯ. ತಲಿ ತಿರುಗಿ ಬಿದ್ದು ತೊಡಿ ಎಲುಬು ಮುರ್ಕೊಂಡ್ರ ಮುಗೀತು. ಅದಕ್ಕ ಈ ಜಾಗ ತೋರಿಸ್ತೀನಿ. ರಾತ್ರಿ ಮೂರರ ಸುಮಾರಿಗೆ 58.

ಹಿರಿಯರು: ಎಡಗೈ ಮ್ಯಾಲ ಮಲಗಿದ್ದೆ. ಮಷಿನ್ ಆ ಕೈಗೇ ಇತ್ತು.

ತರುಣಿ: ಅದೂ ಖರೇ. ಸೆನ್ಸರ್ ಮ್ಯಾಲ ಭಾರ ಬಿದ್ರ ಇಲ್ಲದ ಇಳಿತ ತೋರಿಸ್ತದ, ಹೊಳ್ಳಿ ಮಲಗಿದ ಮ್ಯಾಲ ಏರ್ತದ. ಒಂದು ರಾತ್ರಿ ಆಗಿದ್ರ ನಾನೂ ಬಿಟ್ಟುಬಿಡ್ತಿದ್ದೆ. ಎರಡೂ ವಾರ ಹಿಂಗೇ ಅದ, ಎರಡೂ ಸೋಮವಾರ ರಾತ್ರಿ.

ಹಿರಿಯರು: ಸೋಮವಾರ? ತಾಳು, ನೋಟ್‌ಬುಕ್ ತಗಿ. ಇಲ್ಲಿ ನೋಡು, ‘ಸೋಮವಾರ ಒಪ್ಪತ್ತು’ ಅಂತ ಬರ್ದೀನಿ. ರಾತ್ರಿ ಊಟ ಇಲ್ಲ. ಗುಳಿಗಿ ಮಾತ್ರ ತಪ್ಪಿಸಿಲ್ಲ.

ತರುಣಿ: ಅದೇ ಆಗ್ಯದ. ನೀವು ತಗೊಳ್ಳೋ ಗುಳಿಗಿ ಊಟ ಇಲ್ಲದಿದ್ರೂ ಸಕ್ಕರಿ ಇಳಸ್ತದ. ಡಾಕ್ಟರಿಗೆ ಕೇಳ್ರಿ, ನೀವಾಗೇ ನಿಲ್ಲಿಸಬ್ಯಾಡ್ರಿ.

ಹಿರಿಯರು: ಕೇಳ್ತೀನಿ. ಆದ್ರ ನೀ ಒಂದು ಒಪ್ಕೋಬೇಕು. ಇಳೀತು ಅಂತ ಹೇಳಿದ್ದು ಮಷಿನ್, ಯಾಕ ಇಳೀತು ಅಂತ ಹೇಳಿದ್ದು ಪುಸ್ತಕ. ಎಳ್ಳಮಾವಾಸಿ ದಿನ ಹೊಲದಾಗ ಭಜ್ಜಿ, ಸಜ್ಜಿ ಕಡಬು ಉಂಡಿದ್ದು ನಿನ್ನ ಪಟದಾಗ ಬರೇ ಒಂದು ಗುಡ್ಡ. ಅದು ಕಡಬಿಂದೋ, ಜ್ವರದ್ದೋ, ಗುಳಿಗಿ ಮರ್ತಿದ್ದೋ, ಪಟಕ್ಕೇನು ಗೊತ್ತು?

ತರುಣಿ: ಆ್ಯಪಿನಾಗೂ ಊಟ, ಗುಳಿಗಿ ಬರೆಯೋ ಜಾಗ ಅದ. ಯಾರೂ ಬರೆಯಂಗಿಲ್ಲ, ಅದೂ ಖರೇ.

ಹೀಗೆ ನೋಟ್‌ಬುಕ್ಕಿಗೆ ಗೆಲುವು ಸಿಕ್ಕಂತೆ ಕಂಡರೂ ಅದರ ಮೇಲೆ ಹಳೆಯದೊಂದು ಅಪವಾದವಿದೆ. 1984ರಲ್ಲಿ ಅಮೆರಿಕದ ರೋಜರ್ ಮ್ಯಾಜ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ರೋಗಿಗಳಿಗೆ ಮೀಟರ್ ಕೊಟ್ಟು, ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಂಡು ಬನ್ನಿ ಎಂದಿದ್ದರು. ಮೀಟರಿನೊಳಗೆ ನೆನಪಿನ ಚಿಪ್ ಇರುವುದು ರೋಗಿಗಳಿಗೆ ಗೊತ್ತಿರಲಿಲ್ಲ. ಎರಡನ್ನೂ ತಾಳೆ ಹಾಕಿದಾಗ ಪುಸ್ತಕದಲ್ಲಿ ಇದ್ದದ್ದು ಮೀಟರಿನಲ್ಲಿ ಇರಲಿಲ್ಲ, ಮೀಟರಿನಲ್ಲಿ ಇದ್ದದ್ದು ಪುಸ್ತಕದಲ್ಲಿ ಇರಲಿಲ್ಲ. ಅನೇಕರ ಪುಸ್ತಕ ಅವರ ರಕ್ತಕ್ಕಿಂತ ಚೆನ್ನಾಗಿತ್ತು. ಹದಿನಾಲ್ಕು ದಿನಗಳನ್ನು ಒಂದೇ ದಿನದ ಪಟವಾಗಿಸುವ ಮೇಲಿನ ವಿಧಾನವನ್ನು ಕೆಲವೇ ವರ್ಷಗಳ ನಂತರ ರೂಪಿಸಿದವರೂ ಈ ಮ್ಯಾಜ್ ಅವರೇ.

ತರುಣಿ: ನೀವು ಹೆಡ್‌ಮಾಸ್ತರು, ಸುಳ್ಳು ಬರೆಯೋರಲ್ಲ. ಆದ್ರ ಡಾಕ್ಟರ್ ಬೈತಾರಂತ 260ನ್ನ 160 ಮಾಡಿ ಬರ್ಕೊಂಡು ಬರೋರನ್ನ ನಾನು ವಾರಕ್ಕೊಬ್ಬರನ್ನ ನೋಡ್ತೀನಿ. ಬರೆದವರ ಕಣ್ಣಾಗ ಅದು ಸುಳ್ಳಲ್ಲ, ಮರ್ಯಾದಿ. ಡಾಕ್ಟರ್ ಮಾತ್ರ ಅದನ್ನ ನಂಬಿ ಗುಳಿಗಿ ಬರೀತಾರ.

ಹಿರಿಯರು: ಆ ಅಮೆರಿಕದವ ಮಾಡಿದ್ದೇನು? ರೋಗಿಗೆ ಹೇಳದಂಗ ಮಷಿನ್ ಒಳಗ ಚಿಪ್ ಇಟ್ಟ. ರೋಗಿ ಸುಳ್ಳು ಹೇಳ್ದ ಅಂತ ಕಂಡುಹಿಡಿದ, ತಾನು ಮುಚ್ಚಿಟ್ಟಿದ್ದು ಲೆಕ್ಕಕ್ಕ ಹಿಡೀಲಿಲ್ಲ. ನನ್ನ ಅಂಜಿಕಿ ಅದೇ ನೋಡು. ಅಂಕಿ ಸುಳ್ಳಾಗೋದು ಒಂದು ಕೇಡು. ನನ್ನ ಅಂಕಿ ನನಗ ಗೊತ್ತಿಲ್ಲದ ಕಡಿ ಹೋಗೋದು ಇನ್ನೊಂದು ಕೇಡು.

ತರುಣಿ: ಅದಕ್ಕ ಆಮ್ಯಾಲ ಬರೂಣು. ಮೊದಲ ನಿಮ್ಮ ಮೀಟರ್ ಕೊಡ್ರಿ.

ಮೀಟರ್ ಮೇಜಿನ ಮೇಲೆ ಬರುತ್ತದೆ. ಸ್ಟ್ರಿಪ್ ಹಾಕದೆ ಗುಂಡಿ ಒತ್ತಿದರೆ ಕಿರುಪರದೆ ಬೆಳಗಿ ಕೊನೆಯ ಅಂಕಿ ಕಾಣುತ್ತದೆ: 143. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ತಾರೀಖು ಜನವರಿ 6, ವೇಳೆ ರಾತ್ರಿ 2.10. ಪರೀಕ್ಷೆ ಮಾಡಿದ್ದು ಬೆಳಿಗ್ಗೆ, ತಿಂಗಳು ಮಾರ್ಚ್. ಸೆಲ್ ತೀರಿ ಹೊಸದು ಹಾಕಿದಾಗ ಗಡಿಯಾರ ಮೊದಲಿಗೆ ಹೋಗಿ ನಿಂತಿದೆ, ಯಾರೂ ಸರಿಪಡಿಸಿಲ್ಲ. ಹಿಂದಕ್ಕೆ ಒತ್ತುತ್ತ ಹೋದರೆ 143, 118, 312, 131, 97. ಸರಾಸರಿಯ ಗುಂಡಿ ಏಳು ದಿನದ ಸರಾಸರಿ 160 ಎನ್ನುತ್ತದೆ.

ತರುಣಿ: ಈ 312 ಯಾರದ್ರಿ?

ಹಿರಿಯರು: ಬಾಜೂ ಮನಿ ಮುದುಕಿದು. ಕಣ್ಣು ಮಂಜಾಗ್ಯಾವ ಅಂತ ಬಂದಿದ್ಳು, ನೋಡ್ದೆ. 97 ನಿಮ್ಮ ಕಾಕಿದು.

ತರುಣಿ: ಅಂದ್ರ ಈ 160 ಯಾರ ಸರಾಸರಿ? ಓಣಿದು. ನಾಳೆ ಈ ಮೀಟರನ್ನ ಆ್ಯಪಿಗೆ ಜೋಡಿಸಿದ್ರ ಓಣಿ ಸಕ್ಕರಿ ಎಲ್ಲಾ ನಿಮ್ಮ ಹೆಸರಿಗೆ ಜಮಾ ಆಗ್ತದ. ಸೂಜಿ ಅರೆ ಬ್ಯಾರೆ ಬ್ಯಾರೆ ಹಾಕಿದ್ರೋ ಇಲ್ಲೋ? ಒಂದೇ ಸೂಜಿ ಇಬ್ಬರಿಗೆ ಚುಚ್ಚಿದ್ರ ಕಾಮಣಿ ರೋಗ ದಾಟ್ತದ.

ಹಿರಿಯರು: ಸೂಜಿ ಬ್ಯಾರೆ ಹಾಕೀನಿ. ಓಣಿ ಮಾತು ಖರೇ. ಅದಕ್ಕ ಪುಸ್ತಕ ಬೇಕು ಅಂದಿದ್ದು. ಪುಸ್ತಕದಾಗ ನನ್ನವೇ ಅವ.

ತರುಣಿ: ಸ್ಟ್ರಿಪ್ ಡಬ್ಬಿ ಎಲ್ಲಿಡ್ತೀರಿ?

ಹಿರಿಯರು: ಕಿಡಕಿ ಮ್ಯಾಲ.

ತರುಣಿ: ಡಬ್ಬಿ ಮ್ಯಾಲ 30 ಡಿಗ್ರಿ ಒಳಗ ಇಡ್ರಿ ಅಂತ ಬರ್ದದ. ಬ್ಯಾಸಗ್ಯಾಗ ನಮ್ಮ ಕಡಿ ಹೊರಗ 42, 43. ಡಬ್ಬಿ ಮುಚ್ಚಳ ಸಡಿಲಿದ್ರ ಮುಗೀತು. ಅಂಥ ಸ್ಟ್ರಿಪ್ಪಿನಾಗ ಬಂದ ಅಂಕಿ ಪುಸ್ತಕದಾಗ ಬರ್ದ್ರೂ ಅಷ್ಟೇ, ಫೋನಿನಾಗ ಇದ್ರೂ ಅಷ್ಟೇ.

ಸರಿಯಾಗಿ ಇಟ್ಟ ಮೀಟರಿಗೂ ತಪ್ಪುವ ಅವಕಾಶವಿದೆ. 2013ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ನೂರಕ್ಕೆ 95 ಅಂಕಿಗಳು ಪ್ರಯೋಗಾಲಯದ ಅಳತೆಗೆ ಶೇ 15ರಷ್ಟು ಆಚೀಚೆ ಇದ್ದರೆ ಮೀಟರ್ ಪಾಸು. 100ಕ್ಕಿಂತ ಕೆಳಗಿನ ಮಟ್ಟಕ್ಕೆ 15 ಮಿಲಿಗ್ರಾಂ ಆಚೀಚೆ. ನಿಜದಲ್ಲಿ 200 ಇದ್ದಾಗ ಪರದೆಯ ಮೇಲೆ 170 ಬಂದರೂ 230 ಬಂದರೂ ಮೀಟರ್ ಕೆಟ್ಟಿಲ್ಲ. ಸೆನ್ಸರ್ ಅಳೆಯುವುದು ರಕ್ತವನ್ನಲ್ಲವಾದ್ದರಿಂದ ಅದು ಕೆಲವು ನಿಮಿಷ ಹಿಂದೆ ಉಳಿಯುತ್ತದೆ. ಸಕ್ಕರೆ ಭರದಿಂದ ಏರುವಾಗ, ಇಳಿಯುವಾಗ ಬೆರಳಿನ ಅಂಕಿಗೂ ಅದಕ್ಕೂ ವ್ಯತ್ಯಾಸ ಬರುವುದು ಸಹಜ. 143 ಹೋಗಿ 151 ಆಯಿತೆಂದು ಕಂಗೆಡುವವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಒಂದು ಅಂಕಿಯಲ್ಲಿ ಏನೂ ಇಲ್ಲ, ಹಲವು ದಿನದ ಓಟದಲ್ಲಿ ವಿಷಯವಿದೆ.

ಇಷ್ಟರಲ್ಲಿ ಮಾತು ನೋಡುವುದರಿಂದ ತೋರಿಸುವುದರ ಕಡೆಗೆ ಹೊರಳುತ್ತದೆ.

ಹಿರಿಯರು: ಸೆನ್ಸರ್ ಹಾಕ್ಕೊಂಡ ಆ ಎರಡು ವಾರ ನನಗೇನಾತು ಅಂತ ಯಾರೂ ಕೇಳಿಲ್ಲ. ಅಂಕಿ ಸೀದಾ ಮಗನ ಫೋನಿಗೆ ಹೋಗ್ತಿತ್ತು. ಒಂದು ಸಲ ಮದುವಿ ಮನ್ಯಾಗ ಎಲಿ ಮುಂದ ಕುಂತೀನಿ, ಫೋನ್ ಬಂತು. ‘ಅಪ್ಪಾ, 210 ಆಗ್ಯದ, ಹೋಳಿಗಿ ತಿಂದ್ರೇನು?’ ಹತ್ತು ಮಂದಿ ನಡುವ. ಸಾಲಿ ಹುಡುಗರ ಹಾಜರಿ ತಗೊಂಡವ ನಾನು, ಈಗ ನನ್ನ ಹಾಜರಿ ತಗೊಳ್ಳಾಕ ಹತ್ಯಾರ.

ತರುಣಿ: ಅಂವಗ ಅಲ್ಲಿ ಕುಂತು ಜೀವ ತಡೀಲಿಲ್ಲ, ಕಾಕಾ. ರಾತ್ರಿ 58 ಆದಾಗ ಫೋನ್ ಮಾಡಿ ಎಬ್ಬಿಸಿ ಬೆಲ್ಲ ತಿನ್ನಿಸಿದ್ದೂ ಅಂವನೇ.

ಹಿರಿಯರು: ಅದಕ್ಕ ಬ್ಯಾಡ ಅನ್ನಲಿಲ್ಲ. ಹೋಳಿಗಿಗೆ ಬ್ಯಾಡ ಅಂತೀನಿ. ಇಳಿದಾಗ ಹೇಳು, ಏರಿದ್ದು ನನಗ ಬಿಡು. ಹಂಗ ಬ್ಯಾರೆ ಮಾಡಲಿಕ್ಕೆ ಬರ್ತದೇನು?

ತರುಣಿ: ಎಚ್ಚರಿಕೆ ಗಂಟಿ ಯಾವ ಅಂಕಿಗೆ ಬಾರಿಸಬೇಕು ಅನ್ನೋದು ಎಷ್ಟೋ ಆ್ಯಪಿನಾಗ ಬದಲಿ ಮಾಡಬಹುದು. ಏರಿಕಿ ಗಂಟಿ ಬಂದ್ ಮಾಡಬಹುದು. ಯಾರಿಗೆ ಕಾಣಬೇಕು ಅನ್ನೋ ಪಟ್ಟಿಯಿಂದ ಅಂವನ ಹೆಸರೇ ತಗೀಬಹುದು. ಹಂಗ ತಗದ್ರ 58 ಸುದ್ದಿನೂ ಹೋಗಂಗಿಲ್ಲ.

ದೂರದಿಂದ ಅಂಕಿ ನೋಡುವ ಆಸೆ ಕಂಪನಿಗಳಿಗಿಂತ ಮೊದಲು ತಂದೆತಾಯಿಗಳಲ್ಲಿ ಹುಟ್ಟಿತು. 2013ರಲ್ಲಿ ನ್ಯೂಯಾರ್ಕ್ ರಾಜ್ಯದ ಜಾನ್ ಕಾಸ್ಟಿಕ್ ಎಂಬ ಇಂಜಿನಿಯರ್, ಟೈಪ್ 1 ಮಧುಮೇಹವಿದ್ದ ತನ್ನ ನಾಲ್ಕು ವರ್ಷದ ಮಗನ ಸೆನ್ಸರಿನಿಂದ ಅಂಕಿಗಳನ್ನು ತಾನೇ ಹೊರತೆಗೆದು, ಕೆಲಸದ ಜಾಗದಲ್ಲಿ ಕುಳಿತು ನೋಡುವ ದಾರಿ ಕಂಡುಕೊಂಡರು. ಅದೇ ‘ನೈಟ್‌ಸ್ಕೌಟ್’ ಎಂಬ ಉಚಿತ ತಂತ್ರಾಂಶದ ಬೀಜ. ಕಂಪನಿ ಮಾಡಿಕೊಡುವ ತನಕ ಕಾಯುವುದಿಲ್ಲ ಎಂಬುದು ಆ ತಂದೆತಾಯಿಗಳ ಘೋಷಣೆಯಾಯಿತು. ಉಪಕರಣದ ಅಂಕಿ ರೋಗಿಯ ಸೊತ್ತು ಎಂಬ ವಾದಕ್ಕೆ ಅಲ್ಲಿ ಬಲ ಬಂತು. ಆದರೆ ಆ ಮಗುವಿಗೆ ನಾಲ್ಕು ವರ್ಷ. ಎಪ್ಪತ್ತರ ತಂದೆಯ ಮೇಲೆ ಮಗ ಇಡುವ ಕಣ್ಣಿಗೆ ಅದೇ ವಾದ ಹೊಂದುತ್ತದೆ ಎನ್ನಲಾಗದು.

ಹಿರಿಯರು: ಮಗಂದು ಬಿಡು, ಮನಿ ಮಾತು. ನೀ ರಿಪೋರ್ಟ್ ಪ್ರಿಂಟ್ ತಗಿಸಿದ್ದು ಎಲ್ಲಿ?

ತರುಣಿ: ಬಸ್‌ಸ್ಟ್ಯಾಂಡ್ ಹತ್ರ ಝೆರಾಕ್ಸ್ ಅಂಗಡ್ಯಾಗ. ವಾಟ್ಸಾಪ್ ಮಾಡ್ದೆ, ತಗದು ಕೊಟ್ಟ.

ಹಿರಿಯರು: ಅಂವನ ಕಂಪ್ಯೂಟರಿನಾಗ ನನ್ನ ಹೆಸರು, ಹುಟ್ಟಿದ ತಾರೀಖು, ಹದಿನಾಲ್ಕು ರಾತ್ರಿ ಸಕ್ಕರಿ ಎಲ್ಲಾ ಕುಂತದ. ಕಂಪನಿ ಸರ್ವರ್ ಎಲ್ಲೋ ದೂರ ಇರ್ತದ, ಅವರಿಗೆ ನಾ ಯಾರಂತ ಗೊತ್ತಿಲ್ಲ. ಈ ಹುಡುಗಗ ನಾ ಯಾರಂತ ಗೊತ್ತದ. ನನ್ನದಾದ್ರ ಹೋಗಲಿ. ಹದಿನೆಂಟರ ಹೆಣ್ಣುಹುಡುಗಿ ರಿಪೋರ್ಟ್ ಆಗಿದ್ರ? ಸೂಜಿ ತಗೊಳ್ಳೋ ಹುಡುಗಿ ಅಂತ ಸುದ್ದಿ ಆದ್ರ ವರ ಬರ್ತಾನೇನು?

ತರುಣಿ: ಇದಕ್ಕ ನನ್ನ ಹತ್ರ ಎದುರು ಮಾತಿಲ್ಲ. ಅಳಿಸು ಅಂತ ನಿಂತು ಅಳಿಸಿ ಬರಬೇಕಿತ್ತು. ನಮ್ಮ ಉಪಕೇಂದ್ರದಾಗೂ ಮೂವತ್ತು ದಾಟಿದವರ ಫಾರ್ಮ್ ತುಂಬ್ತೀವಿ, ಸಕ್ಕರಿ, ಬಿಪಿ ಬರ್ಕೊತೀವಿ. ರಜಿಸ್ಟರ್ ಮೇಜಿನ ಮ್ಯಾಲೇ ತೆರೆದು ಬಿದ್ದಿರ್ತದ. ಮುಂದ ಕುಂತವರು ಹಿಂದಿನವರ ಅಂಕಿ ಓದ್ತಾರ. ನಿಮ್ಮ ಕಾಗದ ಫೋನಿಗಿಂತ ಭದ್ರ ಅಂತ ಮಾತ್ರ ಅನ್ನಬ್ಯಾಡ್ರಿ.

ಹಿರಿಯರು: ಅನ್ನಂಗಿಲ್ಲ. ಕಾಗದ ಸೋರಿದ್ರ ಊರು ತನಕ, ಸರ್ವರ್ ಸೋರಿದ್ರ ಲೋಕ ತನಕ. 2022ರ ನವೆಂಬರಿನಾಗ ದಿಲ್ಲಿ ಏಮ್ಸ್ ಸರ್ವರ್ ಮ್ಯಾಲ ದಾಳಿ ಆತಲ್ಲ, ದೊಡ್ಡ ದೊಡ್ಡ ಡಾಕ್ಟರು ವಾರಗಟ್ಟಲೆ ಪೆನ್ನು ಹಿಡಿದು ಚೀಟಿ ಬರ್ದ್ರು. ಆಗ ಕೆಲಸಕ್ಕ ಬಂದಿದ್ದು ನನ್ನಂಥವರ ವಿದ್ಯೆ.

ತರುಣಿ: ಪುಸ್ತಕಕ್ಕ ಮಳಿ ನೀರು ಬಿದ್ರ? ನಿಮ್ಮ ಮಾತು ಊರಾಗ ಕುಂತವರಿಗೆ ಸೈ. ಬೆಂಗಳೂರಿಗೆ ಹೋದವರಿಗೆ?

ಅವಳ ವಾದ ಗಟ್ಟಿಯಾಗುವುದು ಇಲ್ಲಿ. ಗುಳೆ ಹೋಗುವ ಕೂಲಿಯವನಿಗೆ ಊರಿನ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಮ್ಮೆ ಗುಳಿಗೆ ಸಿಗುತ್ತಿರುತ್ತದೆ, ಅಂಕಿ ಅಲ್ಲಿನ ದಾಖಲೆಯಲ್ಲಿರುತ್ತದೆ. ಬೆಂಗಳೂರಿನ ಶೆಡ್ಡಿಗೆ ಹೋದ ಮೇಲೆ ಹೊಸ ಡಾಕ್ಟರ್ ಯಾವ ಗುಳಿಗೆ ಎಂದು ಕೇಳುತ್ತಾರೆ, ಅವನು ಬಿಳಿ ಗುಳಿಗೆ ಎನ್ನುತ್ತಾನೆ. ಚಿಕಿತ್ಸೆ ಮೊದಲಿನಿಂದ ಶುರು. 2021ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇಂಥವರಿಗಾಗಿಯೇ 14 ಅಂಕಿಯ ‘ಆಭಾ’ ಸಂಖ್ಯೆ ಕೊಡುತ್ತದೆ. ಅದರ ವಿನ್ಯಾಸದಲ್ಲಿ ದಾಖಲೆಗಳು ಒಂದೇ ಕಣಜಕ್ಕೆ ಹೋಗಿ ಬೀಳುವುದಿಲ್ಲ; ಹುಟ್ಟಿದ ಆಸ್ಪತ್ರೆಯಲ್ಲೇ ಇದ್ದು, ರೋಗಿ ಒಪ್ಪಿದಾಗ, ಒಪ್ಪಿದಷ್ಟು ಕಾಲಕ್ಕೆ ಇನ್ನೊಂದು ಆಸ್ಪತ್ರೆಗೆ ಕಾಣುತ್ತವೆ. ಒಪ್ಪಿಗೆ ಹಿಂಪಡೆಯಲೂ ಬರುತ್ತದೆ. ಇದು ಕಡ್ಡಾಯವಲ್ಲ.

ಹಿರಿಯರು: ಕಡ್ಡಾಯ ಅಲ್ಲ ಅಂತ ಕೂಲಿಯವಗ ಯಾರು ಹೇಳ್ತಾರ? ಕೌಂಟರ್ ಮುಂದ ಸಾಲು ನಿಂತಾಗ ಫೋನ್ ಕೊಡು, ಓಟಿಪಿ ಹೇಳು ಅಂತಾರ. ಹೇಳ್ತಾನ. ಅದು ಒಪ್ಪಿಗಿ ಆತೇನು?

ತರುಣಿ: ಒಪ್ಪಿಗಿ ಅನ್ನಲಿಕ್ಕೆ ನನಗೂ ಮನಸ್ಸಿಲ್ಲ. ಆದ್ರ ಸಂಖ್ಯೆ ಇಲ್ಲದಿದ್ರ ಅಂವ ಪ್ರತಿ ಸಲ ಹೊಸ ರೋಗಿ. ಅಷ್ಟೇ ಅಲ್ಲ, ಮನ್ಯಾಗಿನ ಮೀಟರಿನ ಅಂಕಿ ತಾನಾಗೇ ಆ ದಾಖಲ್ಯಾಗ ಹೋಗಂಗಿಲ್ಲ. ಅದಕ್ಕ ನಾನು ಗುಳೆ ಹೋಗೋರಿಗೆ ಚೀಟಿ, ಮೀಟರ್ ಪರದಿ ಎರಡರ ಫೋಟೋನೂ ಫೋನಿನಾಗ ತಗೊಂಡು ಹೋಗ್ರಿ ಅಂತೀನಿ. ಅಷ್ಟು ಇದ್ರೂ ಅರ್ಧ ಕೆಲಸ ಆಗ್ತದ.

ಹಿರಿಯರು: ಸೆನ್ಸರ್ ಮಾತು ಅವರಿಗೆ ಹೇಳ್ತೀಯೇನು?

ತರುಣಿ: ಹೆಂಗ ಹೇಳಲಿ? ಒಂದಕ್ಕ ನಾಲ್ಕೈದು ಸಾವಿರ.

ಕರ್ನಾಟಕದಲ್ಲಿ 2025-26ನೇ ಸಾಲಿನ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಒಂದು ಸೆನ್ಸರ್ ಎಂದರೆ ಸುಮಾರು ಹನ್ನೆರಡು ದಿನದ ಕೂಲಿ ಮತ್ತು ಅದು ಬಾಳುವುದು ಹದಿನಾಲ್ಕು ದಿನ. ಮಾಹಿತಿ ತುಂಬಿ ತುಳುಕುವ ಮನೆಗಳೂ ಒಂದು ಅಂಕಿಯೂ ಇಲ್ಲದ ಮನೆಗಳೂ ಒಂದೇ ಓಣಿಯಲ್ಲಿವೆ. ಮೊದಲನೆಯವರ ಗೋಪ್ಯತೆಯ ಚರ್ಚೆ ನಡೆಯುವಷ್ಟು ಎರಡನೆಯವರ ಕೊರತೆಯ ಚರ್ಚೆ ನಡೆಯುವುದಿಲ್ಲ. ಈ ಸಂವಾದವೂ ಅದಕ್ಕೆ ಹೊರತಲ್ಲ.

ಕಾನೂನಿನ ಸಂಗತಿ ಹೀಗಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 2012ರಲ್ಲಿ ಅರ್ಜಿ ಹಾಕಿದಾಗ ಅವರು ಎಂಬತ್ತು ದಾಟಿದ್ದರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳು. ಕಂಪನಿ ಏನೇನು ಮಾಹಿತಿ ಇಟ್ಟಿದೆ, ಯಾರಿಗೆ ಕೊಟ್ಟಿದೆ ಎಂದು ಕೇಳುವ, ತಪ್ಪಿದ್ದರೆ ತಿದ್ದಿಸುವ, ಅಳಿಸುವ, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕು ಅದರಲ್ಲಿದೆ. ಉಲ್ಲಂಘನೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರುವುದು ನಿಯಮ ಪ್ರಕಟವಾಗಿ ಹದಿನೆಂಟು ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಿನಿಂದ.

ಹಿರಿಯರು: ಒಪ್ಪಿಗಿ ಪತ್ರ ಎಲ್ಲಾ ಇಂಗ್ಲಿಷಿನಾಗ ಇರ್ತಾವ. ನಾ ಓದಬಲ್ಲೆ, ನಿಮ್ಮ ಕಾಕಿ ಏನು ಮಾಡಬೇಕು?

ತರುಣಿ: ಕನ್ನಡದಾಗ ಕೊಡಬೇಕು ಅಂತ ಅದೇ ಕಾಯ್ದ್ಯಾಗ ಅದ. ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷಾದಾಗ ಬೇಕಂದ್ರೂ ಓದೋ ಅವಕಾಶ ಕೊಡಬೇಕು.

ಹಿರಿಯರು: ಭೇಷ್. ನಾ ಕಂಪನಿ ಬದಲಿ ಮಾಡಿದ್ರ ನನ್ನ ಹಳೇ ಅಂಕಿ ಎಲ್ಲಾ ಹೊಸ ಕಂಪನಿಗೆ ಒಯ್ದು ಕೊಡ್ರಿ ಅಂತ ಕೇಳಬಹುದೇನು?

ತರುಣಿ: ಆ ಹಕ್ಕು ಹಿಂದಿನ ಕರಡಿನಾಗ ಇತ್ತು, ಕಾಯ್ದ್ಯಾಗ ಉಳೀಲಿಲ್ಲ. ನೀವೇ ಫೈಲ್ ಇಳಿಸ್ಕೊಂಡು ಇಟ್ಕೋಬೇಕು. ಕೆಲವು ಆ್ಯಪ್ ಪಟದ ರಿಪೋರ್ಟ್ ಅಷ್ಟೇ ಕೊಡ್ತಾವ, ಕೆಲವು ಅಂಕಿಗಳ ಪಟ್ಟಿನೂ ಕೊಡ್ತಾವ. ಪಟ್ಟಿ ಇದ್ರ ಯಾವ ಕಂಪ್ಯೂಟರಿನಾಗೂ ತೆರೀತದ. ಫೋನ್ ಬದಲಿ ಮಾಡೋಕ್ಕಿಂತ ಮೊದಲ ಅದನ್ನ ಇಳಿಸ್ಕೋಬೇಕು. ಖಾತೆ ಮುಚ್ಚೋಕ್ಕಿಂತ ಮೊದಲಂತೂ ಇಳಿಸ್ಕೊಳ್ಳಲೇಬೇಕು.

ಹಿರಿಯರು: ನನ್ನ ಪುಸ್ತಕಕ್ಕ ಈ ಕಾಯ್ದೆ ರಕ್ಷಣಾ ಕೊಡ್ತದೇನು?

ತರುಣಿ: ಇಲ್ರಿ. ಕಾಗದದ ಮ್ಯಾಲಿಂದು ಡಿಜಿಟಲ್ ಆಗೋತನಕ ಅದಕ್ಕ ಸೇರಂಗಿಲ್ಲ. ನಮ್ಮ ಮೇಜಿನ ಮ್ಯಾಲಿನ ರಜಿಸ್ಟರೂ ಅಷ್ಟೇ.

ಹಿರಿಯರು: ಮಗನ ಫೋನಿಗೆ?

ತರುಣಿ: ಅದಕ್ಕೂ ಸೇರಂಗಿಲ್ಲ. ಮನಿ ಮಂದಿ ಸ್ವಂತಕ್ಕ, ಮನಿ ಕೆಲಸಕ್ಕ ನೋಡೋದು ಕಾಯ್ದೆ ಹೊರಗ.

ಹಿರಿಯರು: ಹಂಗಿದ್ರ ಕಂಪನಿ ಮ್ಯಾಲ ದಿಲ್ಲಿಗೆ ದೂರು ಕೊಡಬಹುದು, ಮಗನ ಮ್ಯಾಲ ಸುರಪುರದಾಗೂ ಕೊಡಾಕ ಬರಂಗಿಲ್ಲ. ಮುಂದಿನ ಸೆನ್ಸರ್ ಹಾಕ್ಕೋಬೇಕಂದ್ರ ಖಾತೆ ನನ್ನ ಹೆಸರಿನಾಗ, ನನ್ನ ನಂಬರಿಗೆ ಇರಬೇಕು. ಪಾಸ್‌ವರ್ಡ್ ನಾ ಬರ್ಕೊಂಡು ಇಡ್ತೀನಿ. 70ರ ಕೆಳಗ ಇಳಿದ್ರ ಅಂವಗ ಗಂಟಿ ಹೊಡೀಲಿ. ಉಳಿದದ್ದು ಡಾಕ್ಟರಿಗೆ, ನನಗೆ.

ತರುಣಿ: ಏರಿದ್ದು ಯಾರಿಗೂ ಕಾಣದಿದ್ರ ನೀವು ಹೋಳಿಗಿ ಬಿಡಂಗಿಲ್ಲ.

ಹಿರಿಯರು: ಕಾಣಿಸಿದ್ರ ಸೆನ್ಸರ್ ಹಾಕ್ಕೊಳ್ಳಂಗಿಲ್ಲ.

ಆ ಮಾತು ಅಲ್ಲಿಗೇ ನಿಂತಿತು, ಇಬ್ಬರೂ ಸೋಲಲಿಲ್ಲ. ಮೀಟರಿನ ತಾರೀಖನ್ನು ಅವಳು ಸರಿಮಾಡಿದಳು, ಸ್ಟ್ರಿಪ್ ಡಬ್ಬಿ ಕಿಟಕಿಯಿಂದ ಒಳಗಿನ ಗೋಡೆಗೂಡಿಗೆ ಹೋಯಿತು. ಊರಲ್ಲಿರುವ ತಂದೆತಾಯಿಗೆ ಉಪಕರಣ ಕೊಡಿಸುವ ಮಕ್ಕಳು ಆ್ಯಪಿನ ಖಾತೆಯನ್ನು ತಮ್ಮ ನಂಬರಿನಲ್ಲಿ ತೆರೆಯದೆ ಅವರ ನಂಬರಿನಲ್ಲೇ ತೆರೆಯಲಿ. ಯಾವ ಅಂಕಿ ಯಾರಿಗೆ ಕಾಣಬೇಕೆಂದು ಪೆಟ್ಟಿಗೆ ಬಿಚ್ಚುವ ಮೊದಲೇ ಅವರನ್ನು ಕೇಳಲಿ.